ಅಸ್ಸಾಮಿನವನಿಗೆ ಜಾಮೀನು ನಿಂತ ದೊಡ್ಡಮ್ಮ

ದೊಡ್ಡಮ್ಮನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಸಿಲ್ವರ್ ಮರ ಕಡಿಸುವಾಗ ದಿಮ್ಮಿ ಕಾಲ ಮೇಲೆ ಉರುಳಿ ಕಿತ್ತುಹೋದದ್ದು. ಮತ್ತೆ ಬೆಳೆಯಲೇ ಇಲ್ಲ. ಚಪ್ಪಲಿ ಒತ್ತುತ್ತದೆಂದು ಕೋರ್ಟಿಗೂ ಬರಿಗಾಲಲ್ಲೇ ಬಂದಳು.

ವನಗೂರಿನ ಮೇಲ್ಗಡೆ ಅವಳದೊಂದು ಸಣ್ಣ ಕಾಫಿ ತೋಟ. ದೊಡ್ಡಪ್ಪ ತೀರಿಕೊಂಡ ಮೇಲೆ ಅದು ಅವಳ ಹೆಸರಿಗೇ ಆಯಿತು. ಮಾತು ಒರಟು. ಆಳುಗಳು ಹಸಿರುಕಾಯಿ ಕಿತ್ತರೆ ಇಡೀ ಗುಡ್ಡಕ್ಕೆ ಕೇಳುವಂತೆ ಬೈಯುವಳು. ಮಧ್ಯಾಹ್ನ ಅವರು ಉಂಡ ಮೇಲೆಯೇ ತಾನು ಉಣ್ಣುವಳು.

ಒಂದು ವರ್ಷ ಕೊಯ್ಲಿಗೆ ಅಸ್ಸಾಮಿನ ಬಸುರಿ ಹೆಂಗಸೊಬ್ಬಳು ಬರುತ್ತಿದ್ದಳು. ಪಕ್ಕದ ಎಸ್ಟೇಟಿನ ಸ್ಟೋರ್‌ನಲ್ಲಿ ಮೆಣಸಿನ ಮೂಟೆ ಕಾಣೆಯಾಗಿ, ಅಲ್ಲಿ ಕೆಲಸಕ್ಕಿದ್ದ ಅವಳ ಗಂಡ ಅನುಮಾನದ ಮೇಲೆ ಜೈಲು ಸೇರಿದ. ನಾನು ಸಕಲೇಶಪುರದಲ್ಲಿ ವಕೀಲ. ಕೇಸು ನನ್ನ ಬಳಿಗೇ ಬಂತು. ಜಾಮೀನು ಆದೇಶವೂ ಆಯಿತು. ಆದರೂ ಅವನು ಹೊರಗೆ ಬರಲಿಲ್ಲ.

“ಜಡ್ಜೇ ಬಿಡಿ ಅಂದ್ಮೇಲೂ ಯಾಕ್ಲಾ ಒಳಗಿಟ್ಟವ್ರೆ?” ಎಂದು ದೊಡ್ಡಮ್ಮ ಕೇಳಿದಳು.

“ಜಮೀನಿರೋರು ಯಾರಾದ್ರೂ ಪಹಣಿ ಕೊಟ್ಟು ಜಾಮೀನು ನಿಲ್ಬೇಕು ದೊಡ್ಡಮ್ಮ. ಊರಿನೋರಾದ್ರೆ ಅಣ್ಣನೋ ಮಾವನೋ ಬಂದು ಬಿಡಿಸ್ಕಂಡ್ ಹೋಗ್ತಾರೆ. ಹೊರಗಿನೋರಿಗೆ ಯಾರವ್ರೆ? ಯಾವ ರಾಜ್ಯದ ಜೈಲು ನೋಡಿದ್ರೂ ಇಂಥೋರು ಇದ್ದೇ ಇರ್ತಾರೆ.”

“ನಮ್ಮ ಹುಡುಗ್ರು ಅಸ್ಸಾಮಲ್ಲಿ ಸಿಕ್ಕಾಕ್ಕಂಡ್ರೂ ಹಿಂಗೇಯಾ?”

“ಹಿಂಗೇ.”

“ಹಂಗಾರೆ ನಾನ್ ನಿಲ್ತೀನಿ, ನಡಿ.”

ಅವಳ ಮಗ ರೇಗಿದ. “ಅವ್ನು ರೈಲು ಹತ್ತಿ ಹೋಗ್ಬುಟ್ರೆ ಏನ್ ಗತಿ ಕಣವ್ವ?”

“ಹೋದ್ರೆ ನನ್ ತೋಟ ಹೋಯ್ತದೆ. ನೀನ್ ಸುಮ್ಕಿರು.”

ದೊಡ್ಡಮ್ಮ ಜಾಮೀನು ನಿಂತಳು, ಆ ಹೆಂಗಸಿನ ಗಂಡ ಹೊರಗೆ ಬಂದ. ಹೆಣ್ಣುಮಗು ಹುಟ್ಟಿತು. ಅಷ್ಟರಲ್ಲಿ ಅವನ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದು, ಕೋರ್ಟಿನ ಅನುಮತಿ ಪಡೆದು ಊರಿಗೆ ಹೋದವನು ವಿಚಾರಣೆಯ ದಿನಕ್ಕೆ ಬರಲಿಲ್ಲ. ಫೋನೂ ಸಿಗಲಿಲ್ಲ. ಅವನನ್ನು ಹಾಜರುಪಡಿಸಿ, ಇಲ್ಲವೇ ಜಾಮೀನು ಹಣ ಕಟ್ಟಿ ಎಂದು ನೋಟಿಸು ದೊಡ್ಡಮ್ಮನಿಗೆ ಬಂತು. ನಾನು ಅವಳನ್ನು ಕೋರ್ಟಿಗೆ ಕರೆದುಕೊಂಡು ಹೋದೆ. ಅವಳು ಜಡ್ಜರ ಮುಂದೆ ನಿಂತು, “ಅವ್ನ ಅವ್ವ ಸಾಯ್ತಾ ಅವ್ಳೆ ಸ್ವಾಮಿ. ಬತ್ತಾನೆ. ಇನ್ನೊಂದ್ ಕಿತ ನೋಡಿ” ಎಂದಳು. ಜಡ್ಜರು ಇನ್ನೊಂದು ದಿನ ಕೊಟ್ಟರು.

ಆ ದಿನ ಅವನು ರೈಲಿಳಿದು ನೇರ ಕೋರ್ಟಿಗೆ ಬಂದ. ತಲೆ ಬೋಳಿಸಿಕೊಂಡಿದ್ದ. ದೊಡ್ಡಮ್ಮ ಅವನನ್ನು ನೋಡಿ, “ಉಂಡ್ಯೇನ್ಲಾ?” ಎಂದಷ್ಟೇ ಕೇಳಿದಳು. ಮುಂದೆ ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಯಿತು.

ಆಮೇಲೆಯೂ ಅವಳು ಇಂಥ ಒಬ್ಬಿಬ್ಬರಿಗೆ ಜಾಮೀನು ನಿಂತಳು. ಹೋದ ಮಳೆಗಾಲದಲ್ಲಿ ತೀರಿಕೊಂಡಳು.

ಜಾಮೀನು ಆದೇಶ ಕೈಗೆ ಬಂದರೆ ವಕೀಲನ ಕೆಲಸ ಮುಗಿಯಿತೆಂದುಕೊಂಡಿದ್ದವನು ನಾನು. ಈಗ ಅಂಥ ಆದೇಶ ಆದಾಗಲೆಲ್ಲ, ನಿಲ್ಲುವವರನ್ನು ಹುಡುಕಿಕೊಂಡು ಮಗ್ಗೆಯಿಂದ ವನಗೂರಿನವರೆಗೆ ಅಲೆಯುತ್ತೇನೆ. ಈಚೆಗೆ ಒಡಿಶಾದವನೊಬ್ಬನಿಗೆ ಯಾರೂ ಒಪ್ಪಲಿಲ್ಲ. ಅವನಿನ್ನೂ ಒಳಗಿದ್ದಾನೆ. ದೊಡ್ಡಮ್ಮ ಇದ್ದಿದ್ದರೆ ಅವನು ಒಳಗಿರುತ್ತಿರಲಿಲ್ಲ.