ತೂಕದ ಚೀಟಿ ಯಾರ ಪಾಲಿಗೆ

ಹಡಗಿನಲ್ಲಿ ಸರಕು ಕಳಿಸುವ ಆ ಕಂಪನಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ಅವನು ಯಾರ್ಡಿನ ಮೇಸ್ತ್ರಿ. ಯಾವ ಕಂಟೇನರ್ ಎಲ್ಲಿ ಇಳಿಯಬೇಕು, ಯಾವುದರ ಮೇಲೆ ಯಾವುದು ಕೂರಬೇಕು ಎಂದು ಕ್ರೇನಿನವರಿಗೆ ಕೂಗಿ ಕೂಗಿ ಗಂಟಲು ದಪ್ಪ ಮಾಡಿಕೊಂಡವನು. ಅವಳು ಮೇಲಿನ ಮಹಡಿಯ ಬಿಲ್ ವಿಭಾಗದಲ್ಲಿ, ಹಡಗು ಹತ್ತುವ ಸರಕಿಗೆ ಕಾಗದಪತ್ರ ತಯಾರಿಸುವವಳು. ಬೆಳಗ್ಗೆ ಒಂದೇ ಬಸ್ಸಿನಲ್ಲಿ ಬಂದು ಗೇಟಿನ ಹತ್ತಿರ ಬೇರೆಯಾದರೆ ಮತ್ತೆ ಮುಖ ನೋಡುವುದು ಸಂಜೆಗೇ. ಮನೆಯಲ್ಲಿ ಆಫೀಸಿನ ಮಾತು ಬರುತ್ತಿರಲಿಲ್ಲ. ಮಾತೇ ಕಡಿಮೆ ಎನ್ನಿ.

ಹೀಗಿರುವಾಗ ಕಂಪನಿ ಹೊಸ ಕಂಪ್ಯೂಟರ್ ವ್ಯವಸ್ಥೆ ತರಿಸುವುದೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ಇಲ್ಲಿ ನಡೆಯುವ ಒಂದೊಂದು ಕೆಲಸವನ್ನೂ ಬಿಡಿಸಿ ನೋಡಿ, ಯಾವುದು ಯಾವ ಗುಂಪಿಗೆ ಸೇರುತ್ತದೆಂದು ವಿಂಗಡಿಸಬೇಕಿತ್ತು. ಅದಕ್ಕಾಗಿ ಹೊರಗಿನಿಂದ ಒಬ್ಬರು ಬಂದರು. ನಡುವಯಸ್ಸು, ಸಣಕಲು ಮೈ, ಮೆತ್ತಗಿನ ದನಿ. ಕೂತಲ್ಲಿ ನಿಂತಲ್ಲಿ ಪ್ರಶ್ನೆ ಕೇಳುವ ಅವರಿಗೆ ಕ್ರೇನಿನವರು ಪ್ರಶ್ನೆ ಮೇಷ್ಟ್ರು ಎಂದು ಹೆಸರಿಟ್ಟುಬಿಟ್ಟರು.

ಮೇಷ್ಟ್ರು ಮೊದಲು ಹಿಡಿದದ್ದು ಬಿಲ್ ವಿಭಾಗವನ್ನು. ಅಲ್ಲಿ ಎಲ್ಲರಿಗಿಂತ ಹಳಬಳು ಮೇಸ್ತ್ರಿಯ ಹೆಂಡತಿ. ದಿನಾ ಊಟವಾದ ಮೇಲೆ ಅವಳನ್ನು ಗಾಜಿನ ಕೋಣೆಗೆ ಕರೆದು ಕೂರಿಸಿಕೊಂಡು ಕೇಳುವರು, ಅವಳು ಹೇಳುವಳು.

ಮೇಸ್ತ್ರಿಗೆ ಇದು ತಿಳಿದದ್ದು ಅವನ ತಾಯಿಯಿಂದ. "ನಿನ್ನ ಹೆಂಡ್ತಿ ಈಗೀಗ ಪಾತ್ರೆ ತೊಳೀತಾ ಹಾಡು ಗುನುಗ್ತಾಳೆ ಕಣೋ," ಎಂದಳು ಮುದುಕಿ, ಖುಷಿಯಿಂದಲೇ. "ಯಾರೋ ಮೇಷ್ಟ್ರು ಬಂದಿದಾರಂತೆ, ಇವಳ ಮಾತನ್ನೆಲ್ಲ ಬರ್ಕೋತಾರಂತೆ."

ಮಾರನೆಯ ದಿನ ಅವನು ನೀರು ಕುಡಿಯುವ ನೆಪ ಮಾಡಿಕೊಂಡು ಮೇಲೆ ಹೋದ. ಗಾಜಿನಾಚೆ ಹೆಂಡತಿ ಕೈ ಆಡಿಸುತ್ತ ಏನೋ ವಿವರಿಸುತ್ತಿದ್ದಳು. ಮೇಷ್ಟ್ರು ಪೆನ್ಸಿಲ್ ಕಚ್ಚಿಕೊಂಡು, ಗಲ್ಲಕ್ಕೆ ಕೈಯೂರಿ, ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಅವಳು ಇದ್ದಕ್ಕಿದ್ದಂತೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗು ಅವನಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಕೇಳಿದ್ದ. ಆಮೇಲೆ ಎಲ್ಲಿ ಹೋಯಿತೆಂದು ಹುಡುಕಿರಲಿಲ್ಲ. ಲೋಟದ ನೀರು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಕೆಳಗಿಳಿದ. ಆ ಮಧ್ಯಾಹ್ನ ಅವನ ಬೈಗುಳ ತಿನ್ನದ ಲಾರಿ ಡ್ರೈವರೇ ಉಳಿಯಲಿಲ್ಲ.

ಸಂಜೆ ಬಸ್ಸಿನಲ್ಲಿ ಕೇಳಿಯೇಬಿಟ್ಟ. "ಅವನ ಹತ್ರ ಅಷ್ಟು ಹೊತ್ತು ಏನು ಮಾತು?"

"ಕೆಲಸದ್ದೇ. ಬುಕಿಂಗ್ ಯಾರು ತಗೋತಾರೆ, ಹಡಗು ತಪ್ಪಿದರೆ ಗಿರಾಕಿಗೆ ಯಾರು ಹೇಳ್ತಾರೆ, ಇಂಥವು."

"ಅದಕ್ಕೆ ಹಲ್ಲು ಕಿರೀಬೇಕಾ?"

ಅವಳು ಅವನ ಅಂಗಿಯ ಮೇಲೆ ಒಣಗಿದ್ದ ನೀರಿನ ಕಲೆಯನ್ನು ನೋಡಿದಳು. "ಓಹೋ, ನೀರು ಕುಡಿಯೋಕೆ ಬಂದಿದ್ರಾ?" ಎಂದು ಕಿಟಕಿಯ ಕಡೆ ತಿರುಗಿದಳು. ಇಳಿಯುವವರೆಗೂ ಇತ್ತ ಮುಖ ಮಾಡಲಿಲ್ಲ.

ಕೊನೆಗೆ ಯಾರ್ಡಿನ ಸರದಿ ಬಂತು. ಮೇಸ್ತ್ರಿ ಮೇಷ್ಟ್ರನ್ನು ಬೇಕೆಂದೇ ಬಿಸಿಲಿನಲ್ಲಿ ನಿಲ್ಲಿಸಿದ. ಕೇಳಿದ್ದಕ್ಕೆಲ್ಲ ಹೌದು, ಇಲ್ಲ, ಗೊತ್ತಿಲ್ಲ. ಮೇಷ್ಟ್ರು ಬೇಸರಪಡಲಿಲ್ಲ. ಕರವಸ್ತ್ರ ತಲೆಗೆ ಹಾಕಿಕೊಂಡು, "ಎರಡು ಹಡಗು ಒಟ್ಟಿಗೆ ಬಂದ ದಿನ ನಿಮಗೆ ಮೊದಲು ಯಾವುದರ ಭಯ?" ಎಂದರು. ಅಂಥದ್ದನ್ನು ಅವನನ್ನು ಯಾರೂ ಕೇಳಿರಲಿಲ್ಲ. ಬಾಯಿ ತಾನಾಗಿ ಬಿಚ್ಚಿಕೊಂಡಿತು. ಭಾರದ್ದು ಮೇಲೆ, ಹಗುರದ್ದು ಕೆಳಗೆ ಬಿದ್ದರೆ ಏನಾಗುತ್ತದೆ ಎಂದು ಶುರುಮಾಡಿದವನು ಊಟದ ಗಂಟೆ ಹೊಡೆದದ್ದನ್ನೂ ಗಮನಿಸಲಿಲ್ಲ. ಮೇಷ್ಟ್ರು ಹೋದ ಮೇಲೆ ತನ್ನ ಮೇಲೇ ಸಿಟ್ಟು ಬಂತು. ಹೀಗೇ ತಾನೇ ಅವಳನ್ನೂ ಮಾತಾಡಿಸಿದ್ದು!

ಕೆಲಸಗಳನ್ನು ಚೀಟಿಗಳಲ್ಲಿ ಬರೆದು ಮೇಷ್ಟ್ರು ಮೇಜಿನ ಮೇಲೆ ಗುಂಪು ಗುಂಪಾಗಿ ಹರಡಿದರು: ಬುಕಿಂಗಿನದು, ಕಾಗದಪತ್ರದ್ದು, ಯಾರ್ಡಿನದು, ಗಿರಾಕಿಗೆ ಸುದ್ದಿ ಮುಟ್ಟಿಸುವುದು. ಒಂದು ಚೀಟಿ ಮಾತ್ರ ಎಲ್ಲಿಯೂ ಕೂರಲಿಲ್ಲ. ತೂಕ ತಿದ್ದುವುದು, ಅಂದರೆ ಗಿರಾಕಿ ಬರೆಸಿದ ತೂಕ ತಪ್ಪಿದ್ದರೆ ಸರಿಪಡಿಸುವುದು. ಗಂಡ ಹೆಂಡತಿ ಇಬ್ಬರೂ ಅದು ತಮ್ಮದೆಂದು ಹೇಳಿದ್ದರು. ಇಬ್ಬರನ್ನೂ ಗಾಜಿನ ಕೋಣೆಗೆ ಕರೆಸಿದರು.

"ಲಾರಿ ತೂಗೋ ವೇಬ್ರಿಡ್ಜ್ ಇರೋದು ನನ್ನ ಯಾರ್ಡಲ್ಲಿ," ಎಂದ ಮೇಸ್ತ್ರಿ. "ತೂಗೋನು ನಾನು."

"ತೂಗಿದರೆ ಆಯ್ತಾ? ಬಿಲ್ಲಲ್ಲಿ ಬದಲಾಯಿಸೋಳು ನಾನು. ಇವರು ತೂಕ ಹೇಳಿ ಕಳಿಸೋದು ಹಡಗು ಹೊರಟ ಮೇಲೆ."

"ಕ್ರೇನ್ ಬಿಟ್ಟು ನಿನ್ನ ಹತ್ರ ಓಡಿ ಬರಲಾ?"

"ಫೋನ್ ಇಲ್ವಾ? ಮನೇಲೂ ಇದೇ ಕತೆ. ನಿಮ್ಮಕ್ಕನ ಮನೆಯವರು ಬರೋದು ನನಗೆ ಗೊತ್ತಾಗೋದು ಅವರು ಬಾಗಿಲು ತಟ್ಟಿದಾಗ!"

"ನೀನೇನು ಕಡಿಮೆಯಾ? ನನ್ನ ಹತ್ರ ಬಾಯಿ ಬಿಡಲ್ಲ, ಇವರ ಹತ್ರ ಪುರಾಣ ಬಿಚ್ತೀಯ!"

ಗಾಜಿನಾಚೆ ಇಡೀ ಬಿಲ್ ವಿಭಾಗ ಕತ್ತು ಉದ್ದ ಮಾಡಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ಮೇಷ್ಟ್ರು ಕೇಳ್ತಾರೆ, ಅದಕ್ಕೆ ಹೇಳ್ತೀನಿ."

ಮೇಷ್ಟ್ರು ಆ ಚೀಟಿಯನ್ನು ಎರಡು ಗುಂಪುಗಳ ನಡುವೆ ಇಟ್ಟು, ಯಾರ್ಡಿನಲ್ಲಿ ತೂಕ ಒತ್ತಿದ ಕೂಡಲೇ ಬಿಲ್ಲಿನ ಪರದೆಯಲ್ಲಿ ಕಾಣಬೇಕು ಎಂದು ಬರೆದುಕೊಂಡರು. ಕೆಲವು ದಿನಗಳಲ್ಲಿ ಕೆಲಸ ಮುಗಿಸಿ ಹೊರಟೂ ಹೋದರು. ಅವಳ ಗುನುಗೂ ನಿಂತಿತು. ಪೀಡೆ ತೊಲಗಿತು ಎಂದುಕೊಂಡ ಮೇಸ್ತ್ರಿಗೆ ಆ ಮೌನ ಇನ್ನೂ ಹೆಚ್ಚು ಚುಚ್ಚಿತು.

ಒಂದು ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆಯನ್ನೇ ನೋಡುತ್ತ ಕೇಳಿದ: "ಇವತ್ತು ಎಲ್ಲಕ್ಕಿಂತ ತಲೆ ತಿಂದ ಬಿಲ್ ಯಾವುದು?"

ಅವಳು ದಿಟ್ಟಿಸಿದಳು. "ಇದು ನಿಮ್ಮ ಪ್ರಶ್ನೆ ಅಲ್ಲ. ಮೇಷ್ಟ್ರದು."

"ಅವರದೇ. ಉತ್ತರ ನನಗೆ ಹೇಳು."

ಅವಳು ಮೊದಲು ತಡವರಿಸಿದಳು. ಆಮೇಲೆ ಕೈ ಆಡತೊಡಗಿತು. ಒಂದು ಅಕ್ಷರ ತಪ್ಪಿ ಬೇರೆ ಬಂದರಿಗೆ ಹೊರಟಿದ್ದ ಸೋಫಾಗಳ ಕತೆ ಹೇಳಿದಳು. ಮುದುಕಿಯೂ ಕಿವಿ ನಿಮಿರಿಸಿದಳು. ಊಟ ಆರಿತು. ಅವಳು ನಕ್ಕಳು ಕೂಡ. ಆದರೆ ತಲೆ ಹಿಂದಕ್ಕೆ ಹಾಕಿ ನಗಲಿಲ್ಲ. ಅದನ್ನು ಮೇಸ್ತ್ರಿ ಗಮನಿಸಿದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆಮೇಲೆ?" ಎಂದ.