ಅರ್ಧ ಕೊಳಗ ಸಾರು

ನನ್ನ ಗಂಡ ಹಾಲೇಶ್ ನೌಕಾಪಡೆಯ ಕೆಲಸ ಮುಗಿಸಿ ಮಲ್ಲಂದೂರಿಗೆ ಬಂದ ಮೇಲೆ ಒಂದು ಮಳೆಗಾಲ ಕಳೆಯಿತು. ಇನ್ನೂ ಕೂತಲ್ಲಿ ಕೂರುವುದಿಲ್ಲ. ಜಗುಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಮಗಳು ಪುಟ್ಟಿಯನ್ನು ಎತ್ತಿಕೊಂಡರೂ ನಡಿಗೆ ನಿಲ್ಲದು. ಊಟಕ್ಕೆ ಕೂತರೆ ತಟ್ಟೆಯಡಿಗೆ ಒದ್ದೆ ಬಟ್ಟೆ ಹಾಸುತ್ತಾರೆ. ಹಡಗು ವಾಲಿದಾಗ ತಟ್ಟೆ ಜಾರಬಾರದಲ್ಲ. ನಮ್ಮ ಮನೆ ವಾಲುವುದಿಲ್ಲ ಎಂದರೆ ನಗುತ್ತಾರೆ, ಬಟ್ಟೆ ಮಾತ್ರ ತೆಗೆಯುವುದಿಲ್ಲ.

ಹಡಗಿನಲ್ಲಿ ಇವರು ಅಡುಗೆಯವರು. ಹದಿನೈದು ವರ್ಷ. ಕಬ್ಬಿಣದ ಇಕ್ಕಟ್ಟಾದ ಕೋಣೆ, ಕರೆಂಟ್ ಒಲೆ, ಪಾತ್ರೆ ಜಾರದಂತೆ ಸುತ್ತ ಸರಳು. ಅಲೆ ಜೋರಿದ್ದರೆ ಒಂದು ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು ಇನ್ನೊಂದರಲ್ಲಿ ಚಪಾತಿ ಮಗುಚಬೇಕು. ಹೊಸದರಲ್ಲಿ ಒಮ್ಮೆ ಪಾತ್ರೆ ತುಂಬ ಬೇಳೆ ಬೇಯಿಸಲು ಹೋಗಿ ಅದು ಕಾಲ ಮೇಲೆ ತುಳುಕಿತು. ಪಾದದ ಮೇಲೆ ಕಲೆ ಈಗಲೂ ಇದೆ. ಅಂದಿನಿಂದ ಯಾವ ಪಾತ್ರೆಯನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿದವರಲ್ಲ. ಮೀನು, ಕೋಳಿ ಎಲ್ಲ ಬೇಯಿಸಿದ್ದಾರೆ, ತಿಂದಿಲ್ಲ. ಸೌಟು ಚಾಚಿದರೆ ಪಕ್ಕದವನು ರುಚಿ ನೋಡಿ ಹೇಳುತ್ತಿದ್ದನಂತೆ.

ತಿಂದರೇನು, ಬಿಟ್ಟರೇನು, ಅತ್ತೆ ಕಲ್ಲಮ್ಮನವರಿಗೆ ಎಲ್ಲ ಒಂದೇ. ಲಿಂಗ ಕಟ್ಟಿದ ಮನೆ. "ಆ ಕೈಯಲ್ಲಿ ನನ್ನ ಒಲೆ ಮುಟ್ಟೋದು ಬೇಡ ಕಣೇ ಶಿಲ್ಪಾ" ಎಂದು ನನಗೆ ಹೇಳಿದರು, ಮಗನಿಗೆ ಕೇಳುವಷ್ಟು ಗಟ್ಟಿಯಾಗಿ.

ಸರಕಿನ ಹಡಗಿನ ಕಂಪನಿಯವರು ಅಡುಗೆ ಕೆಲಸಕ್ಕೆ ಬನ್ನಿ ಎಂದು ಇವರಿಗೆ ಫೋನ್ ಮಾಡುತ್ತಲೇ ಇದ್ದರು. "ಮನೇಲಿ ಒಲೆ ಇಲ್ಲ ಅಂದ್ರೆ, ಒಲೆ ಇರೋ ಕಡೆ ಹೋಗ್ತೀನಿ" ಎಂದುಬಿಟ್ಟರು ಇವರು. ಪುಟ್ಟಿಗೆ ಅಪ್ಪನ ಗುರುತು ಹತ್ತಿದ್ದೇ ಈಗ. ಫೋನ್ ಸದ್ದಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಬಳಿ ಬಂದು ಕಿವಿಗೊಡುತ್ತಿದ್ದೆ.

ಕಾಫಿ ಕೊಯ್ಲು ಮುಗಿದ ದಿನ ಕೆಲಸದವರಿಗೆ ಮನೆಯೂಟ ಹಾಕುವುದು ನಮ್ಮಲ್ಲಿ ರೂಢಿ. ಹಿಂದಿನ ದಿನ ಅತ್ತೆ ಕಣದಲ್ಲಿ ಜಾರಿ ಬಲಗೈ ಉಳುಕಿಸಿಕೊಂಡರು. ಪುಟ್ಟಿಗೆ ಜ್ವರ, ನನ್ನ ಸೊಂಟ ಬಿಡಲೊಲ್ಲಳು. "ಅಂಗಳದಲ್ಲಿ ಕಲ್ಲು ಹೂಡ್ಕೊಂಡು ಮಾಡು, ಒಳಗೆ ಬೇಡ" ಎಂದರು ಅತ್ತೆ ಮಗನಿಗೆ.

ಮರುದಿನ ಇವರು ಅಂಗಳದಲ್ಲೇ ಬೇಯಿಸಿದರು. ಮೊದಲ ಪಂಕ್ತಿ ಉಂಡೆದ್ದಿತು. ಎರಡನೆಯದು ಕೂತು ಅನ್ನ ಬಡಿಸಿದ್ದಷ್ಟೇ, ಸಾರಿನ ತಳ ಕಂಡಿತು. ಇವರು ಸಾರಿನ ದೊಡ್ಡ ಕೊಳಗವನ್ನು ಅರ್ಧದಷ್ಟೇ ತುಂಬಿದ್ದರು! ಹಡಗಿನಲ್ಲಾದರೆ ಒಂದು ಸರದಿ ಉಣ್ಣುವಾಗ ಇನ್ನೊಂದು ಒಲೆಯಲ್ಲಿ ಮುಂದಿನದು ಬೇಯುತ್ತಿರುತ್ತದೆ. ಇಲ್ಲಿ ಇದ್ದದ್ದೇ ಮೂರು ಕಲ್ಲಿನ ಒಂದು ಒಲೆ.

"ಏನ್ ಹಾಲೇಶಣ್ಣ, ಹಡಗಲ್ಲಿ ಇಲಿಗಳಿಗೆ ಬಡಿಸ್ತಿದ್ರಾ?" ಎಂದಳು ಹಣ್ಣು ಕೊಯ್ಯುವ ಭಾಗಮ್ಮ.

"ಸುಮ್ನಿರೇ ಮಾರಾಯ್ತಿ, ಅಲ್ಲಿ ನೀರು ಜಾಸ್ತಿ, ಸಾರು ಕಮ್ಮಿ" ಎಂದ ಮೇಸ್ತ್ರಿ ಉಮೇಶ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಇವರು ನಗಲಿಲ್ಲ. ಸೌಟು ಇಟ್ಟು ಗೇಟಿನ ಕಡೆ ಹೊರಟರು. ಹೋದರು, ಇನ್ನು ಮುಗಿಯಿತು ಅಂದುಕೊಂಡೆ.

"ಎಲ್ಲಿಗೋ?" ಅಡುಗೆಮನೆಯ ಬಾಗಿಲಿಂದ ಅತ್ತೆ ಕೂಗಿದರು. "ಜನ ಎಲೆ ಮುಂದೆ ಕೂತಿದಾರೆ. ಒಳಗೆ ಬಂದು ಎರಡೂ ಒಲೆ ಉರಿಸು. ಉಮೇಶ, ಅಲ್ಲಿವರೆಗೆ ಪಾಯಸ ಬಡಿಸು."

ಇವರು ಒಳಗೆ ಬಂದರು. ಕುಕ್ಕರಿನಲ್ಲಿ ಬೇಳೆ ಬೇಯಿಸಿ ಪಾತ್ರೆಗೆ ಸುರಿದು ನೀರು ಹುಯ್ದರು, ಅರ್ಧಕ್ಕೆ ಕೈ ನಿಂತಿತು.

"ಹುಯ್ಯೋ ಇನ್ನೂ. ಇದೇನು ಹಡಗಾ?"

ಕಂಠದವರೆಗೆ ತುಂಬಿದರು. ತುಂಬುವಾಗ ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಕುದಿ ಬಂದ ಮೇಲೆ, ಹಳೆಯ ಅಭ್ಯಾಸ, ಸೌಟನ್ನು ಪಕ್ಕಕ್ಕೆ ಚಾಚಿದರು. ಪಕ್ಕದಲ್ಲಿ ಅತ್ತೆ. ನಾನು ಪುಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತೆ. ಅತ್ತೆ ಸೌಟನ್ನು ನೋಡಿದರು, ಮಗನನ್ನು ನೋಡಿದರು, ಕಟ್ಟು ಹಾಕಿದ ಬಲಗೈಯನ್ನೇ ಒಡ್ಡಿದರು. ನೆಕ್ಕಿ, "ಉಪ್ಪು ಸಾಲದು" ಎಂದರು.

ಆಗಲೇ ಇವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಯಾರದು?" ಎಂದರು ಅತ್ತೆ.

"ಹಡಗಿನೋರು."

"ಸಾರು ಉಕ್ತಾ ಇದೆ ಅಂತ ಹೇಳು."

ಸಂಜೆ ಇವರೇ ಕರೆ ಮಾಡಿ ಬರುವುದಿಲ್ಲ ಎಂದು ತಿಳಿಸಿದರು. ಆಮೇಲೂ ಜಗುಲಿಯಲ್ಲಿ ನಡೆಯುತ್ತಲೇ ಇದ್ದರು, ಆ ತುದಿಯಿಂದ ಈ ತುದಿಗೆ. ಪುಟ್ಟಿ ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ನಾನು ಬಟ್ಟೆಯೊಂದನ್ನು ನೀರಿಗದ್ದಿ ಹಿಂಡಿ ಹಾಸಿ, ಅದರ ಮೇಲೆ ಅವರ ತಟ್ಟೆ ಇಟ್ಟು ಊಟಕ್ಕೆ ಕರೆದೆ.