ಒಂದು ಗೇಣು ಅಂತರ

ಮೊನ್ನೆ ಮೊಮ್ಮಗಳು ರಾಫ್ಟಿಂಗಿಗೆಂದು ರಬ್ಬರಿನ ಚೀಲವೊಂದನ್ನು ಕೊಂಡು ತಂದಳು. ನೀರು ಒಳಹೋಗದಂತೆ ಬಾಯಿ ಸುತ್ತಿ ಮುಚ್ಚುವ ಚೀಲ. ಬಿಚ್ಚಿದೊಡನೆ ಅದರ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಅರವತ್ತರ ದಶಕದ ಮೊದಲಲ್ಲಿ ನನ್ನ ಬಳಿಯಿದ್ದ ಮಳೆಕೋಟಿಗೂ ಇದೇ ವಾಸನೆಯಿತ್ತು. ಆ ಕೋಟಿನಿಂದ ನಾನು ಅತ್ತಿಗೆಯ ಒಂದಿಡೀ ರೇಷ್ಮೆ ಬೆಳೆಯನ್ನು ಉಸಿರುಗಟ್ಟಿಸಿ ಕೊಲ್ಲುವುದರಲ್ಲಿದ್ದೆ. ತಡೆದವರು ಮೊಟ್ಟೆ ಸಾಹೇಬರು.

ಅವರು ಶಿಡ್ಲಘಟ್ಟದವರು. ರೇಷ್ಮೆ ಹುಳುವಿನ ಮೊಟ್ಟೆ ಅಂಟಿದ ಹಾಳೆಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು ಊರೂರಿಗೆ ತಲುಪಿಸುತ್ತಿದ್ದರು. ಮಂಚೇನಹಳ್ಳಿಯ ಕಡೆ, ಹೊಳೆಯ ಆಚೆ ದಡದ ನಮ್ಮ ಊರಿಗೂ ಬರುತ್ತಿದ್ದರು. ಆ ವರ್ಷ ಅತ್ತಿಗೆ ಮೊದಲ ಸಲ ತಾವೇ ಹುಳು ಸಾಕಲು ಹೊರಟಿದ್ದರು. ಈ ಸಲ ಕೆಟ್ಟರೆ ಹಿಪ್ಪುನೇರಳೆ ಕಿತ್ತು ರಾಗಿ ಹಾಕುವುದೆಂದು ಅಣ್ಣ ಹೇಳಿಬಿಟ್ಟಿದ್ದ.

ನಾನು ಆಗ ಗೌರಿಬಿದನೂರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಮೂರು ದಿನ ಮಳೆ ಹಿಡಿದು ಹೊಳೆ ಬಂದಿತ್ತು. ಊರಿಗೆ ಹೊರಟಿದ್ದ ನನ್ನ ಬಸ್ಸು ಈಚೆ ದಡದಲ್ಲೇ ನಿಂತಿತು. ಹಗ್ಗದ ಮಂಚದ ಕೆಳಗೆ ಬಾಳೆದಿಂಡು, ಖಾಲಿ ಸೀಮೆಎಣ್ಣೆ ಡಬ್ಬ ಬಿಗಿದ ತೆಪ್ಪವೊಂದು ಜನರನ್ನು ದಾಟಿಸುತ್ತಿತ್ತು. ಅಲ್ಲಿ ಸಾಹೇಬರು ಬುಟ್ಟಿಯೊಂದಿಗೆ ನಿಂತಿದ್ದರು. ಮೊಟ್ಟೆಗಳಲ್ಲಿ ಕಪ್ಪು ಚುಕ್ಕೆ ಮೂಡಿತ್ತು, ಬೆಳಗಾದರೆ ಮರಿ. ಅವು ತಿನ್ನಬೇಕಾದ ಎಳೆ ಸೊಪ್ಪು ಇದ್ದದ್ದು ಆಚೆ ದಡದಲ್ಲಿ.

ಅವರು ತೆಪ್ಪದವನೊಂದಿಗೆ ಮಾತಾಡುತ್ತಿದ್ದಾಗ ನಾನು ಉಪಕಾರವೆಂದುಕೊಂಡು ನನ್ನ ಕೋಟನ್ನು ಬುಟ್ಟಿಗೆ ಸುತ್ತಿ, ಗುಂಡಿ ಹಾಕಿ, ತೋಳುಗಳಿಂದ ಬಿಗಿದು ಕಟ್ಟಿದೆ. ಸಾಹೇಬರು ಬಂದವರೇ ಎಲ್ಲ ಬಿಚ್ಚಿದರು. ಮುಚ್ಚಳ ತೆಗೆದು, ಹಾಳೆಗೆ ತಾಕದಂತೆ ಅಂಗೈ ಹಿಡಿದು ಬಿಸಿ ನೋಡಿದರು.

“ಕಾಗದ ಅಂದ್ಕೊಂಡ್ರಾ? ಇದು ಉಸಿರಾಡ್ತದಪ್ಪ.”

ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪ್ಯಾಂಟನ್ನು ಮೇಲಕ್ಕೆ ಮಡಿಸಲು ಹೇಳಿದರು. ಬೂಟ್ಸು ಬಿಚ್ಚಿಸಿದರು, ಅದರಲ್ಲಿ ನೀರು ತುಂಬಿದರೆ ಕಾಲಿಗೆ ಕಲ್ಲು ಕಟ್ಟಿದ ಹಾಗಂತೆ. “ಹೊಳೆಗಿಳಿಯೋನು ಬೇಗ ಬಿಚ್ಚೋಕೆ ಬರೋದನ್ನೇ ತೊಡ್ಬೇಕು,” ಎಂದರು. ನನ್ನ ನೋಟ್‌ಬುಕ್ಕನ್ನು ಮೇಣದ ಬಟ್ಟೆಯಲ್ಲಿ ಸುತ್ತಿ, ತಮ್ಮ ಟವೆಲಿನಿಂದ ನನ್ನ ತಲೆಗೆ ರುಮಾಲಿನಂತೆ ಕಟ್ಟಿದರು. ಉಸಿರಾಡದೇ ಇರುವುದನ್ನು ಎಷ್ಟು ಬಿಗಿಯಾಗಿ ಬೇಕಾದರೂ ಕಟ್ಟಬಹುದು ಎಂದು ನಕ್ಕರು. ತಾವು ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ, ಗೋಣಿಚೀಲದ ಕೊಪ್ಪೆ ಹೊದ್ದು ತೆಪ್ಪ ಹತ್ತಿದರು. ಒಣ ಅಂಗಿ ಒಂದು ತಗಡಿನ ಡಬ್ಬಿಯಲ್ಲಿ. ಕೊಡೆ ಬುಟ್ಟಿಗೆ.

“ಏನ್ ಸಾಹೇಬ್ರೇ, ಮದುವೆ ಹೆಣ್ಣನ್ನ ಕರ್ಕೊಂಡ್ ಹೋದಂಗೆ ಹೋಗ್ತೀರಲ್ಲ,” ಎಂದ ತೆಪ್ಪದವನು.

“ಹೌದಪ್ಪ. ನಾಳೆ ಬೆಳಿಗ್ಗೆನೇ ಮುಹೂರ್ತ.”

ನಡುಹೊಳೆಯಲ್ಲಿ ಬೇರುಸಮೇತ ತೇಲಿಬಂದ ಜಾಲಿಮರ ತೆಪ್ಪಕ್ಕೆ ಬಡಿಯಿತು. ಮಂಚ ಒಂದು ಕಡೆಗೆ ವಾಲಿತು. ಕೊಡೆ ಹೋಯಿತು, ಡಬ್ಬಿಯೂ ಹೋಯಿತು. ಸಾಹೇಬರು ಅವುಗಳತ್ತ ತಿರುಗಿಯೂ ನೋಡಲಿಲ್ಲ. ಬುಟ್ಟಿಯನ್ನು ಮಂಡಿಗಳ ನಡುವೆ ಇಟ್ಟು, ಎರಡು ಕೈಗಳನ್ನು ಮಂಚದ ಅಂಚಿಗೆ ಊರಿ, ಬುಟ್ಟಿಯ ಮೇಲೆ ಬೆನ್ನು ಬಾಗಿಸಿದರು. ಬೆನ್ನ ಮೇಲೆ ಗೋಣಿ, ಗೋಣಿಯ ಮೇಲೆ ಮಳೆ. ಎದೆಗೂ ಬುಟ್ಟಿಗೂ ನಡುವೆ ಒಂದು ಗೇಣು ಅಂತರ.

ತಬ್ಬಿಕೊಳ್ಳಿ, ತಬ್ಬಿಕೊಳ್ಳಿ ಎಂದು ನಾನು ಕೂಗಿದೆ.

“ಮೈ ಶಾಖ ತಾಕಿದ್ರೆ ಮರಿ ಇಲ್ಲೇ ಎದ್ದುಬಿಡ್ತಾವಪ್ಪ,” ಎಂದರು, ತಲೆ ಎತ್ತದೆ.

ಅವರ ತೋಳುಗಳು ನಡುಗುತ್ತಿದ್ದವು. ಆದರೆ ದಡ ಮುಟ್ಟುವವರೆಗೆ ಆ ಒಂದು ಗೇಣು ಕಡಿಮೆಯಾಗಲಿಲ್ಲ. ಮುಂದೆ ಎಷ್ಟೋ ವರ್ಷ ವರದಿಗಾರನಾಗಿದ್ದೆ, ದೊಡ್ಡವರೆನಿಸಿಕೊಂಡವರನ್ನು ಹತ್ತಿರದಿಂದ ನೋಡಿದೆ. ಹಾಗೆ ಬಾಗಿದ ಇನ್ನೊಂದು ಬೆನ್ನನ್ನು ನೋಡಿದ ನೆನಪಿಲ್ಲ…

ಬೆಳಿಗ್ಗೆ ಹುಳುಮನೆಯ ಕಿಟಕಿಯಿಂದ ಬೆಳಕು ಬಿದ್ದಾಗ ಹಾಳೆಯೇ ಕದಲಿದಂತಾಯಿತು. ಎಳ್ಳಿಗಿಂತ ಸಣ್ಣ, ಕಪ್ಪು ಕೂದಲೆಳೆಯಂಥ ಮರಿಗಳು. ಅಣ್ಣನ ಪಂಚೆ ಉಟ್ಟಿದ್ದ ಸಾಹೇಬರು ಬಾಯಿಗೆ ಕೈ ಅಡ್ಡ ಹಿಡಿದು, ತಮ್ಮ ಉಸಿರು ತಾಕದಂತೆ, ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು.

“ಎಲ್ಲಾ ಎದ್ದಾವಾ, ಸಾಹೇಬ್ರೇ?” ಅತ್ತಿಗೆಯ ದನಿ ಗಟ್ಟಿಯಿರಲಿಲ್ಲ.

“ನನ್ನ ಯಾಕಮ್ಮ ಕೇಳ್ತೀರಾ? ಅವು ನಿಮ್ಮನ್ನ ಸೊಪ್ಪು ಕೇಳ್ತಾವೆ, ಹಾಕಿ.”

ಆ ಬೆಳೆಯ ರೇಷ್ಮೆಗೂಡು ಚೆನ್ನಾಗಿ ಬಂತು. ಅಣ್ಣ ಮತ್ತೆ ರಾಗಿಯ ಮಾತೆತ್ತಲಿಲ್ಲ.

ನಾನು ಕಳಿಸಿದ ಸುದ್ದಿ ನಾಲ್ಕು ಸಾಲು ಅಚ್ಚಾಯಿತು: ಹೊಳೆ ಉಕ್ಕಿದೆ, ಬಸ್ಸು ನಿಂತಿದೆ. ಆ ನೋಟ್‌ಬುಕ್ಕು ಈಗಲೂ ಇದೆ, ಒಂದು ಅಕ್ಷರವೂ ಕದಡಿಲ್ಲ. ನೀರು ಎಷ್ಟು ಏರಿತು, ತೆಪ್ಪ ಎಷ್ಟು ಸಲ ಹೋಗಿ ಬಂತು, ಎಲ್ಲ ಬರೆದಿದ್ದೇನೆ. ಸಾಹೇಬರ ಹೆಸರಿಲ್ಲ. ಕೇಳಿರಲೇ ಇಲ್ಲ. ಬಹಳ ವರ್ಷಗಳ ಮೇಲೆ ಶಿಡ್ಲಘಟ್ಟಕ್ಕೆ ಹೋಗಿ ವಿಚಾರಿಸಿದೆ. “ಯಾವ ಮೊಟ್ಟೆ ಸಾಹೇಬ್ರು? ಗಲ್ಲಿಗೊಬ್ರು ಇದ್ರು, ಈಗ ಯಾರೂ ಇಲ್ಲ,” ಎಂದರು ಅಂಗಡಿಯವರು. ಹೆಸರೇನು ಎಂದೂ ಕೇಳಿದರು. ಹೆಸರು ಕೇಳಿ ಬರೆದುಕೊಳ್ಳುವುದೇ ನನ್ನ ಕಸುಬಾಗಿತ್ತು…

ಮೊಮ್ಮಗಳು ಫೋನನ್ನು ಚೀಲದೊಳಗಿಟ್ಟು ಗಾಳಿಯೆಲ್ಲ ಹಿಂಡಿ ಬಾಯಿ ಸುತ್ತಿದಳು. ಅವಳ ಶೂ ಬೇಗ ಬಿಚ್ಚಲು ಬರುತ್ತದೆಯೇ ಎಂದು ಬಗ್ಗಿ ನೋಡಿ, ಯಾಕೆಂದು ಹೇಳಿದೆ.

“ಇದೆಲ್ಲ ನಿಮಗ್ಯಾರು ಹೇಳ್ಕೊಟ್ರು, ತಾತ?”

ಮೊಟ್ಟೆ ಸಾಹೇಬರು, ಎಂದೆ. ಅದಕ್ಕಿಂತ ಹೆಚ್ಚಿಗೆ ನನ್ನಲ್ಲಿರಲಿಲ್ಲ.